ಮಂಡೂಕದ ಋಣ: ಒಂದು ಚಾರಿತ್ರಿಕ ವಿವೇಚನೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಗದ್ದೆಬಯಲುಗಳಲ್ಲಿ ಮಳೆಗಾಲದ ಇರುಳು ವಟಗುಟ್ಟುವ ಕಪ್ಪೆಯನ್ನು ಚರಿತ್ರಕಾರರು ಗಣಿಸಿದುದು ವಿರಳ. ಆದರೆ ನರಮಂಡಲ ಮತ್ತು ವಿಸರ್ಜನಾಂಗಗಳ ಕುರಿತಾದ ಮೂಲಭೂತ ತಿಳಿವುಗಳಲ್ಲಿ ಹಲವು ಈ ಪ್ರಾಣಿಯಿಂದಲೇ ದೊರೆತುವು. ಇಟಲಿಯ ಗಾಲ್ವಾನಿಯು ಕಪ್ಪೆಯ ಕಾಲಿನ ಸೆಳೆತವನ್ನು ಪರೀಕ್ಷಿಸಿ, ನರಕ್ಕೂ ವಿದ್ಯುತ್ತಿಗೂ ಇರುವ ನಂಟನ್ನು 1791ರಲ್ಲಿ ಪ್ರಕಟಿಸಿದನು. 1921ರಲ್ಲಿ ಲೋವಿಯು ನರವನ್ನು ಪ್ರಚೋದಿಸಿ ಒಂದು ಕಪ್ಪೆಯ ಹೃದಯದ ಬಡಿತವನ್ನು ಕುಗ್ಗಿಸಿದನು. ಅದನ್ನು ತೊಯ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಯಿಸಿದಾಗ ಅದರ ಬಡಿತವೂ ಕುಗ್ಗಿತು. ನರಸಂದೇಶಕ್ಕೆ ರಾಸಾಯನಿಕ ವಾಹಕವುಂಟೆಂದು ಹೀಗೆ ಸಿದ್ಧವಾಯಿತು. 1924ರಲ್ಲಿ ವೆರ್ನ್ ಮತ್ತು ರಿಚರ್ಡ್ಸ್ ಅವರು ಕಪ್ಪೆಯ ಮೂತ್ರಪಿಂಡದಿಂದಲೇ ದ್ರವವನ್ನು ಸೆಳೆದು, ರಕ್ತವು ಅಲ್ಲಿ ಸೋಸಲ್ಪಡುವುದೆಂದು ತೋರಿಸಿದರು.

ನಮ್ಮ ನಾಡಿನಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ. ಆರ್. ನಾರಾಯಣರಾಯರು 1937ರಲ್ಲಿ ದಕ್ಷಿಣ ಭಾರತದ ಹಲವು ಹೊಸ ಕಪ್ಪೆಗಳನ್ನು ವರ್ಣಿಸಿದರು. ಅವರ ಮೂಲ ಮಾದರಿಗಳು ಕಳೆದುಹೋದುದರಿಂದ ಕೆಲವನ್ನು ಗುರುತಿಸುವುದು ಮುಂದಿನವರಿಗೆ ದುಸ್ತರವಾಯಿತು.

2014ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಕಾಲೇಜುಗಳಲ್ಲಿ ಪ್ರಾಣಿಚ್ಛೇದನವನ್ನು ನಿಲ್ಲಿಸಲು ಸೂಚಿಸಿತು. ಕಪ್ಪೆಯು ಪ್ರಯೋಗಶಾಲೆಯ ಮೇಜಿನಿಂದ ಪಾರಾಯಿತು. ಆದರೆ ಚರ್ಮದಿಂದಲೇ ನೀರು ಹೀರುವ ಜೀವಿಯು ಗದ್ದೆಯ ಕೀಟನಾಶಕದಿಂದ ಪಾರಾಗುವುದು ಸುಲಭವಲ್ಲ. ಅಂದು ಮಾದರಿಗಳು ಕಳೆದುವು. ಇಂದು ಜೀವಿಯೇ ಕಳೆಯದಂತೆ ತಮ್ಮ ಊರಿನ ಕಪ್ಪೆಗಳನ್ನು ದಾಖಲಿಸುವುದು ಈ ತಾಲ್ಲೂಕುಗಳ ಕಾಲೇಜುಗಳಿಗೆ ಒಪ್ಪುವ ಕಾರ್ಯವೆಂದು ನಾವು ಭಾವಿಸುತ್ತೇವೆ.