ಕತ್ತರಿ ಹೊಟ್ಟೆಗೆ, ಕುತ್ತು ಎದೆಗೆ

ಶಸ್ತ್ರಕ್ರಿಯೆ ನಡೆದದ್ದು ಜಠರಕ್ಕೆ. ಮೂರನೆಯ ದಿನ ಜ್ವರ, ಕೆಮ್ಮು, ಏದುಸಿರು. ಹೊಟ್ಟೆಗೆ ಕತ್ತರಿ ಹಾಕಿದರೆ ಶ್ವಾಸಕೋಶಕ್ಕೇಕೆ ಶಿಕ್ಷೆ? ಈ ಪ್ರಶ್ನೆ ವೈದ್ಯರನ್ನು ಬಹುಕಾಲ ಕಾಡಿತ್ತು.

1881ರ ಜನವರಿ 29ರಂದು ವಿಯೆನ್ನಾದಲ್ಲಿ ಥಿಯೋಡರ್ ಬಿಲ್‌ರಾತ್ ಕ್ಯಾನ್ಸರ್ ತಗುಲಿದ ಜಠರದ ಭಾಗವನ್ನು ತೆಗೆದು, ಉಳಿದುದನ್ನು ಕರುಳಿಗೆ ಹೊಲಿದರು. ಇಂಥ ಶಸ್ತ್ರಕ್ರಿಯೆಯಲ್ಲಿ ರೋಗಿ ಚೇತರಿಸಿಕೊಂಡದ್ದು ಅದೇ ಮೊದಲು. ಆಮೇಲೆ ಜಠರದ ಶಸ್ತ್ರಕ್ರಿಯೆಗಳು ಹೆಚ್ಚಿದವು. ಜೊತೆಗೇ ನ್ಯುಮೋನಿಯಾ ಸಾವುಗಳೂ ಕಾಣಿಸಿಕೊಂಡವು. ತಪ್ಪೆಲ್ಲ ಈಥರ್ ಅರಿವಳಿಕೆಯದೆಂದು ಹಲವರು ನಂಬಿದರು. ಆದರೆ ಬಿಲ್‌ರಾತ್‌ರ ಶಿಷ್ಯ ಮಿಕುಲಿಚ್, ಸ್ಥಳೀಯ ಅರಿವಳಿಕೆಯಲ್ಲಿ ಶಸ್ತ್ರಕ್ರಿಯೆ ಮಾಡಿಸಿಕೊಂಡವರಿಗೂ ನ್ಯುಮೋನಿಯಾ ಬರುವುದನ್ನು ಗಮನಿಸಿದರು. ಹಾಗಾದರೆ ಕಳ್ಳ ಬೇರೆಲ್ಲೋ ಇದ್ದ!

ಸುಳಿವು ಸಿಕ್ಕಿದ್ದು ಲಂಡನ್ನಿನ ವಿಲಿಯಂ ಪಾಶ್ಚರ್‌ಗೆ (ಲೂಯಿ ಪಾಶ್ಚರ್ ಬೇರೆ). ಗಂಟಲಮಾರಿ ರೋಗದಲ್ಲಿ ವಪೆ ನಿಶ್ಚೇಷ್ಟಿತವಾದಾಗ ಶ್ವಾಸಕೋಶ ಕುಸಿಯುವುದನ್ನು ಅವರು ಕಂಡಿದ್ದರು. ಉದರ ಶಸ್ತ್ರಕ್ರಿಯೆಯ ಬಳಿಕವೂ ಹೀಗೇ ಆಗುತ್ತದೆಂದು 1910ರಲ್ಲಿ ವಿವರಿಸಿದರು.

ಎದೆಗೂ ಹೊಟ್ಟೆಗೂ ನಡುವಿನ ಗೋಡೆಯೇ ವಪೆ. ಜಠರ ಅದರ ಕೆಳಗೇ ಇದೆ. ಹೊಟ್ಟೆಯ ಮೇಲ್ಭಾಗವನ್ನು ಕೊಯ್ದಾಗ ವಪೆ ಮಂಕಾಗುತ್ತದೆ. ನೋವಿಗೆ ಹೆದರಿ ರೋಗಿ ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮುವುದಿಲ್ಲ. ಕಫ ನಿಲ್ಲುತ್ತದೆ, ಗಾಳಿಗೂಡುಗಳು ಮುಚ್ಚಿಕೊಳ್ಳುತ್ತವೆ, ಸೋಂಕು ಹೊಗುತ್ತದೆ. ಕೊಯ್ತ ವಪೆಗೆ ಹತ್ತಿರವಾದಷ್ಟೂ ಅಪಾಯ ಹೆಚ್ಚು.

ಎಲ್ಲರಿಗೂ ಅಪಾಯ ಒಂದೇ ಸಮವಲ್ಲ. ಇಳಿವಯಸ್ಸು, ಹಳೆಯ ಶ್ವಾಸಕೋಶ ರೋಗ, ಅಪೌಷ್ಟಿಕತೆ, ತುರ್ತು ಶಸ್ತ್ರಕ್ರಿಯೆ, ಮೂರು ಗಂಟೆ ಮೀರಿದ ಶಸ್ತ್ರಕ್ರಿಯೆ - ಇವೆಲ್ಲ ಅದನ್ನು ಹೆಚ್ಚಿಸುತ್ತವೆ. ಧೂಮಪಾನದ್ದು ದೊಡ್ಡ ಪಾಲು. ಸೇದುವವರಲ್ಲಿ ಈ ತೊಂದರೆ ಸುಮಾರು ಆರು ಪಟ್ಟು ಹೆಚ್ಚೆಂದು ಮಾರ್ಟನ್ ಎಂಬ ಬ್ರಿಟಿಷ್ ವೈದ್ಯರು 1944ರಲ್ಲೇ ವರದಿ ಮಾಡಿದ್ದರು.

ಒಂದು ಕಾಲಕ್ಕೆ ಹೊಲಿಗೆ ಬಿಚ್ಚೀತೆಂಬ ಭಯದಿಂದ ರೋಗಿಯನ್ನು ವಾರಗಟ್ಟಲೆ ಮಲಗಿಸುತ್ತಿದ್ದರು. 1940ರ ದಶಕದಲ್ಲಿ ಬೇಗ ಎಬ್ಬಿಸಿ ನಡೆಸುವ ಪದ್ಧತಿ ಬೇರೂರಿತು. ಇಂದು ನೋವು ತಗ್ಗಿಸಿ, ದಿಂಬನ್ನು ಹೊಟ್ಟೆಗೆ ಅವುಚಿಕೊಂಡು ಕೆಮ್ಮಲು ಹೇಳುತ್ತಾರೆ; ಆಳವಾಗಿ ಉಸಿರೆಳೆಯುವುದನ್ನು ಕಲಿಸುತ್ತಾರೆ. ಶಸ್ತ್ರಕ್ರಿಯೆಯ ಮರುದಿನವೇ ನರ್ಸ್ ಬಂದು ಏಳಿಸಿದರೆ ರೋಗಿಯ ಮನೆಯವರು ಸಿಟ್ಟಾಗಬೇಕಿಲ್ಲ. ಸಿಗರೇಟು, ಬೀಡಿಯ ಲೆಕ್ಕವನ್ನು ವೈದ್ಯರಿಂದ ಬಚ್ಚಿಡಲೂಬಾರದು. ಅವರು ಎಚ್ಚರ ವಹಿಸುವುದು ಆ ಲೆಕ್ಕ ನೋಡಿಯೇ.