ನಾಡಿಗ ಕೃಷ್ಣಮೂರ್ತಿ ಮತ್ತು ಮೈಸೂರಿನ ಪತ್ರಿಕೋದ್ಯಮ ಅಧ್ಯಯನ

ಕರ್ನಾಟಕದಲ್ಲಿ ಪತ್ರಿಕೋದ್ಯಮವನ್ನು ವಿಶ್ವವಿದ್ಯಾನಿಲಯದ ಪಾಠವಾಗಿ ನೆಲೆಗೊಳಿಸಿದ ಪ್ರಾಧ್ಯಾಪಕರು ನಾಡಿಗ ಕೃಷ್ಣಮೂರ್ತಿ. ಅಮೆರಿಕದ ಮಿಸ್ಸೌರಿ ವಿಶ್ವವಿದ್ಯಾನಿಲಯದಲ್ಲಿ ಓದಿ ಬಂದ ಅವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲಿ ಆರಂಭವಾದ ಪತ್ರಿಕೋದ್ಯಮ ವಿಭಾಗವನ್ನು ಕಟ್ಟಿ ಬೆಳೆಸಿದರು. ಲಾಹೋರ್, ಮದರಾಸು, ಕಲ್ಕತ್ತಗಳ ನಂತರ ಈ ಪಾಠ ಶುರುವಾದದ್ದು ಇಲ್ಲಿಯೇ.

ಮಿಸ್ಸೌರಿಯ ಪತ್ರಿಕೋದ್ಯಮ ಶಾಲೆ ತೆರೆದದ್ದು 1908ರಲ್ಲಿ. ಅದೇ ವರ್ಷ ಮೈಸೂರು ಸಂಸ್ಥಾನದಲ್ಲಿ ಪತ್ರಿಕೆಗಳ ಕೈಕಟ್ಟುವ ಕಾಯಿದೆ ಬಂತು. ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಅಂಥ ಊರಿನಲ್ಲಿ ನಾಲ್ಕು ದಶಕ ಕಳೆದ ಮೇಲೆ ಸುದ್ದಿ ಬರೆಯುವುದನ್ನು ಕಲಿಸುವ ತರಗತಿ ನಡೆಯತೊಡಗಿದ್ದು ಸಣ್ಣ ಸಂಗತಿಯಲ್ಲ. ಮಾಧ್ಯಮದ ಪ್ರಯೋಗ ಮಹಾರಾಜ ಕಾಲೇಜಿಗೆ ಹೊಸದೂ ಆಗಿರಲಿಲ್ಲ. ಅಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದ್ದರು. ಅದರ 'ಆಕಾಶವಾಣಿ' ಎಂಬ ಹೆಸರೇ ಮುಂದೆ ದೇಶದ ಬಾನುಲಿಗೂ ಬಂತು.

ಕೃಷ್ಣಮೂರ್ತಿಯವರ ಮುಖ್ಯ ಕೃತಿ 1966ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಪ್ರಕಟಿಸಿದ 'ಇಂಡಿಯನ್ ಜರ್ನಲಿಸಂ'. ಅದರ ಹರವು ಅಶೋಕನಿಂದ ನೆಹರೂವರೆಗೆ. ಭಾರತದ ಪತ್ರಿಕೆಯ ಚರಿತ್ರೆಯನ್ನು 1780ರ ಹಿಕಿಯ ಗೆಜೆಟ್‌ನಿಂದ ಎಣಿಸುವುದು ರೂಢಿ. ಇವರು ಅದನ್ನು ಎರಡು ಸಾವಿರ ವರ್ಷ ಹಿಂದಕ್ಕೆ, ಅರಸನ ಮಾತು ಜನರ ಕಣ್ಣಿಗೆ ಬೀಳುವಂತೆ ಕಲ್ಲಿನಲ್ಲಿ ಕೊರೆಸಿದ ಕಾಲಕ್ಕೆ ಒಯ್ದರು. ಅಚ್ಚುಯಂತ್ರ ಬರುವ ಮುಂಚೆಯೂ ಸುದ್ದಿ ಇತ್ತು, ಸಾರುವವರಿದ್ದರು, ಕೇಳುವವರಿದ್ದರು ಎಂಬ ಈ ನಿಲುವೇ ಅವರ ದೊಡ್ಡ ಕೊಡುಗೆ.

ಈ ದೃಷ್ಟಿ ಮೈಸೂರು ಸೀಮೆಗೆ ಚೆನ್ನಾಗಿ ಒಪ್ಪುತ್ತದೆ. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳನ್ನು ಬಿ.ಎಲ್. ರೈಸ್ 1894ರಲ್ಲೇ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಮೂರನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದ್ದರು. ಗಂಗರ ರಾಜಧಾನಿ ತಲಕಾಡು ಇರುವುದು ಈ ನರಸೀಪುರ ತಾಲ್ಲೂಕಿನಲ್ಲಿಯೇ. ದೇವಾಲಯಕ್ಕೆ ಬಿಟ್ಟ ದತ್ತಿ, ಗದ್ದೆಯ ಎಲ್ಲೆ, ಕಾಳಗದಲ್ಲಿ ಮಡಿದವನ ಹೆಸರು ಹೀಗೆ ಊರವರಿಗೆ ತಿಳಿದಿರಬೇಕಾದುದನ್ನೆಲ್ಲ ಶಾಸನಗಳು ಬಯಲಲ್ಲಿ ನಿಂತು ಹೇಳುತ್ತಿದ್ದವು. ಸಂವಹನದ ಪಠ್ಯಗಳಲ್ಲಿ ಅವಕ್ಕೆ ಇನ್ನೂ ತಕ್ಕ ಜಾಗ ಸಿಕ್ಕಿಲ್ಲ.

ಪತ್ರಿಕೋದ್ಯಮ ವಿಭಾಗ ಈಗ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣದಲ್ಲಿದೆ, ಹೆಸರಿಗೆ ಸಮೂಹ ಸಂವಹನವೂ ಸೇರಿದೆ. ಕಪಿಲಾ, ಕಾವೇರಿ ತೀರದ ಊರುಗಳಿಂದ ಅಲ್ಲಿಗೆ ಓದಲು ಬರುವವರು ವಿದೇಶಿ ಸಿದ್ಧಾಂತಗಳ ಜೊತೆಗೆ ತಮ್ಮೂರಿನ ಶಾಸನವನ್ನೂ ಒಮ್ಮೆ ಓದಲಿ.