ಅಮೆರಿಕದ ಕಾಡುಬಿದ್ದ ಹಂದಿಗಳು ಮತ್ತು ಆಮಿಷದ ಬೇಟೆ

ಬೇಟೆಗಾರನು ಮೃಗವನ್ನು ಅರಸಿ ಹೋಗುವುದು ಬೇಟೆಯ ಒಂದು ಕ್ರಮ. ಮೃಗವನ್ನೇ ತಾನಿದ್ದೆಡೆಗೆ ಬರಮಾಡಿಕೊಳ್ಳುವುದು ಮತ್ತೊಂದು. ಎರಡನೆಯದಕ್ಕೆ ಆಮಿಷವೇ ಮುಖ್ಯ ಸಾಧನ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಕಾಡುಬಿದ್ದ ಹಂದಿಗಳ ಬೇಟೆಗೆ ಈ ಸಾಧನವು ವಿಶೇಷವಾಗಿ ಬಳಕೆಯಾಗಿದೆ. ಬೇಟೆ ಹೆಚ್ಚಿದಂತೆ ಹಂದಿಗಳ ಸಂಖ್ಯೆ ತಗ್ಗುವುದೆಂಬ ನಂಬಿಕೆಯೂ ಅಲ್ಲಿ ಬಹುಕಾಲದಿಂದ ಇದೆ. ಇತಿಹಾಸದ ಸಾಕ್ಷ್ಯವು ಈ ನಂಬಿಕೆಯನ್ನು ಎಷ್ಟರಮಟ್ಟಿಗೆ ಸಮರ್ಥಿಸುತ್ತದೆ ಎಂಬುದನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸುತ್ತೇವೆ.

ಹಂದಿಯು ಅಮೆರಿಕ ಖಂಡದ ಮೂಲಪ್ರಾಣಿಯಲ್ಲ. 1493ರಲ್ಲಿ ಕೊಲಂಬಸನು ತನ್ನ ಎರಡನೆಯ ಯಾನದಲ್ಲಿ ಅದನ್ನು ಕೆರಿಬಿಯನ್ ದ್ವೀಪಗಳಿಗೆ ತಂದನು. 1539ರಲ್ಲಿ ಹರ್ನಾಂಡೊ ಡಿ ಸೋಟೊ ಫ್ಲಾರಿಡಕ್ಕೆ 13 ಹೆಣ್ಣು ಹಂದಿಗಳನ್ನು ತಂದನೆಂದೂ, 1542ರಲ್ಲಿ ಆತನು ಮಡಿದಾಗ ಅವು ಸುಮಾರು 700 ಆಗಿದ್ದುವೆಂದೂ ಆ ದಂಡಯಾತ್ರೆಯಲ್ಲಿದ್ದ ಪೋರ್ಚುಗೀಸ್ ಲೇಖಕನೊಬ್ಬನ ವೃತ್ತಾಂತದಿಂದ ತಿಳಿದುಬರುತ್ತದೆ. ಈ ಪ್ರಾಣಿಯ ಸಂತಾನಶಕ್ತಿಗೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಅನಂತರ ನೆಲೆಸಿದ ದಕ್ಷಿಣದ ರೈತರು ಹಂದಿಗಳ ಕಿವಿಗೆ ಗುರುತಿನ ಕಚ್ಚು ಹಾಕಿ, ಓಕ್ ಮರದ ಕಾಯಿಗಳನ್ನು ಮೇಯಲು ಅಡವಿಗೆ ಬಿಡುತ್ತಿದ್ದರು. ಬೇಕಾದಾಗ ಮುಸುಕಿನ ಜೋಳವನ್ನು ತೋರಿಸಿ ಕರೆಯುತ್ತಿದ್ದರು. ಅಂದರೆ, ಇಂದು ಬೇಟೆಯ ಆಮಿಷವಾಗಿರುವ ಧಾನ್ಯವು ಮೊದಲು ಒಡೆಯನ ಕರೆಯಾಗಿತ್ತು. ಕರೆಗೆ ಓಗೊಡದೆ ಅಡವಿಯಲ್ಲಿಯೇ ಉಳಿದವು ಕಾಡುಬಿದ್ದುವು.

ಇಪ್ಪತ್ತನೆಯ ಶತಮಾನದಲ್ಲಿ ಇದಕ್ಕೆ ಹೊಸದೊಂದು ಕಾರಣ ಸೇರಿತು; ಅದು ಬೇಟೆಯ ವಿನೋದ. 1912ರಲ್ಲಿ ಜಾರ್ಜ್ ಗಾರ್ಡನ್ ಮೂರ್ ಎಂಬ ಧನಿಕನು ಉತ್ತರ ಕೆರೊಲಿನದ ಹೂಪರ್ ಬಾಲ್ಡ್ ಎಂಬ ಬೆಟ್ಟದಲ್ಲಿ ಬೇಲಿ ಕಟ್ಟಿಸಿ, ಯೂರೋಪಿನ ಕಾಡುಹಂದಿಗಳನ್ನು ತರಿಸಿಟ್ಟನು. 1920ರ ದಶಕದ ಆದಿಯಲ್ಲಿ ಅವು ಬೇಲಿಯನ್ನು ಮುರಿದು ಸುತ್ತಲಿನ ಅರಣ್ಯವನ್ನು ಸೇರಿ, ನಾಡಹಂದಿಯ ಸಂತತಿಯೊಡನೆ ಬೆರೆತುವು.

ಆಮಿಷದ ವಿಧಾನವು ಹಂದಿಯ ಘ್ರಾಣಶಕ್ತಿಯನ್ನೂ ನೆಲ ಅಗೆಯುವ ಸ್ವಭಾವವನ್ನೂ ಆಶ್ರಯಿಸಿದೆ. ಮುಸುಕಿನ ಜೋಳವನ್ನು ನೀರಿನಲ್ಲಿ ನೆನೆಯಿಟ್ಟು ಹುಳಿಯೇರುವವರೆಗೆ ಬಿಡುವುದುಂಟು. ಆ ವಾಸನೆಯು ಹಂದಿಯನ್ನು ದೂರದಿಂದಲೇ ಸೆಳೆಯುತ್ತದೆ. ಆಳವಾದ ಗುಳಿ ತೋಡಿ ಕಾಳನ್ನು ಹೂಳಿದರೆ ಹಿಂಡು ಅಗೆಯುತ್ತ ಬಹುಹೊತ್ತು ಅಲ್ಲಿಯೇ ನಿಲ್ಲುತ್ತದೆ. ನಿಯತ ವೇಳೆಗೆ ಕಾಳು ಚೆಲ್ಲುವ ಯಂತ್ರಗಳೂ ಬಳಕೆಯಲ್ಲಿವೆ. ಆದರೆ ಗುಂಡಿಗೆ ಒಂದೆರಡು ಬಿದ್ದೊಡನೆ ಉಳಿದವು ಚದರಿಹೋಗುತ್ತವೆ; ಆ ಸ್ಥಳವನ್ನು ಶಂಕಿಸುವುದನ್ನೂ ಇರುಳಿನಲ್ಲಿ ಮಾತ್ರ ಮೇಯುವುದನ್ನೂ ಕಲಿಯುತ್ತವೆ. ತಿಂದ ಕಾಳಾದರೋ ಅವುಗಳ ಪುಷ್ಟಿಗೆ ಸಲ್ಲುತ್ತದೆ.

ಈ ವಿಷಯದಲ್ಲಿ ಎರಡು ನಿದರ್ಶನಗಳು ಗಮನಾರ್ಹವಾಗಿವೆ. ಟೆನೆಸಿ ಸಂಸ್ಥಾನವು 1999ರಲ್ಲಿ ಹಂದಿಗಳನ್ನು ತಗ್ಗಿಸುವ ಉದ್ದೇಶದಿಂದ ಮಿತಿಯಿಲ್ಲದ ಬೇಟೆಗೆ ಅವಕಾಶ ಕೊಟ್ಟಿತು. ಆಗ ಸುಮಾರು 15 ಕೌಂಟಿಗಳಲ್ಲಿದ್ದ ಹಂದಿಗಳು 2011ರ ವೇಳೆಗೆ ಸುಮಾರು 80 ಕೌಂಟಿಗಳಲ್ಲಿ ಕಾಣಿಸಿಕೊಂಡುವು. ಬೇಟೆಯ ಆಸೆಯಿಂದ ಜನರೇ ಅವನ್ನು ಹಿಡಿದು ಹೊಸ ಎಡೆಗಳಲ್ಲಿ ಬಿಟ್ಟದ್ದು ಇದಕ್ಕೆ ಮುಖ್ಯ ಕಾರಣ. ಆ ವರ್ಷ ಸಂಸ್ಥಾನವು ಹಂದಿಯನ್ನು ಬೇಟೆಪ್ರಾಣಿಗಳ ಪಟ್ಟಿಯಿಂದ ತೆಗೆದುಹಾಕಿತು. ಎರಡನೆಯದು ಜಾರ್ಜಿಯದ ಫೋರ್ಟ್ ಬೆನ್ನಿಂಗ್ ಸೈನಿಕ ನೆಲೆಯದು. ಅಲ್ಲಿ 2007-08ರಲ್ಲಿ ಬಾಲವೊಂದಕ್ಕೆ 40 ಡಾಲರಿನಂತೆ ಇನಾಮು ಗೊತ್ತುಮಾಡಲಾಗಿ, ಸಾವಿರಕ್ಕೂ ಮಿಕ್ಕು ಬಾಲಗಳು ಸಂದಾಯವಾದುವು. ಆದರೂ ಹಂದಿಗಳು ಕಡಮೆಯಾಗಲಿಲ್ಲ, ಹೆಚ್ಚಿದುವು. ಬೇಟೆಗಾಗಿ ಚೆಲ್ಲಿದ ಆಮಿಷವೇ ಮರಿಗಳ ಸಂಖ್ಯೆಯನ್ನು ಹೆಚ್ಚಿಸಿರಬಹುದೆಂದು ಸಂಶೋಧಕರು ಸೂಚಿಸಿದ್ದಾರೆ.

ಹಾಗೆಂದು ಆಮಿಷವೇ ನಿರರ್ಥಕವೆಂದು ಹೇಳಲಾಗದು. ಬೇಲಿಯಿಂದ ಆವರಿಸಿದ ದೊಡ್ಡಿಯೊಳಗೆ ಹಲವು ದಿನ ಕಾಳು ಹಾಕಿ, ಹಿಂಡಿನ ಕೊನೆಯ ಹಂದಿಯೂ ನಿರ್ಭಯವಾಗಿ ಒಳಹೊಕ್ಕ ಬಳಿಕ ಬಾಗಿಲನ್ನು ಕೆಡವಿದರೆ ಹಿಂಡು ಸಮಗ್ರವಾಗಿ ಸಿಕ್ಕಿಬೀಳುತ್ತದೆ. ಈ ಕಾರ್ಯಕ್ಕೆ ಬಂದೂಕಿನ ಶಬ್ದವೇ ವಿಘ್ನ. ಈ ಕಾರಣದಿಂದಲೇ ಮಿಸೌರಿ ಸಂಸ್ಥಾನದ ಸಂರಕ್ಷಣಾ ಇಲಾಖೆಯು 2016ರಲ್ಲಿ ತನ್ನ ಪ್ರದೇಶಗಳಲ್ಲಿ ಹಂದಿಬೇಟೆಯನ್ನು ನಿಷೇಧಿಸಿತು. ಬೇಟೆನಾಯಿಗಳನ್ನು ಸಾಕಿದವರು ಇದನ್ನು ವಿರೋಧಿಸಿದುದು ಸ್ವಾಭಾವಿಕವೇ.

ಈ ಸಾಕ್ಷ್ಯಗಳಿಂದ ನಮಗೆ ತೋರುವುದಿಷ್ಟು: ಕಾಳು ಒಂದೇ, ಅದನ್ನು ಚೆಲ್ಲುವವನ ಉದ್ದೇಶ ಬೇರೆ. ವಿನೋದಕ್ಕೆ ಬೇಟೆಯಾಡುವವನಿಗೆ ಮುಂದಿನ ವರ್ಷಕ್ಕೂ ಹಂದಿ ಬೇಕು. ಹೊಲ ಹಾಳಾದ ರೈತನಿಗೆ ಒಂದೂ ಬೇಡ. ಒಂದೇ ಆಯುಧದಿಂದ ಇಬ್ಬರ ಇಷ್ಟವೂ ನೆರವೇರುವುದೆಂದು ಸರ್ಕಾರಗಳು ಭಾವಿಸಿದ ಕಾಲದಲ್ಲಿಯೇ ಹಂದಿಗಳು ಹರಡಿದುವು. ಇಂದು ಅವು ಸುಮಾರು 35 ಸಂಸ್ಥಾನಗಳಲ್ಲಿವೆ. ಸಂಖ್ಯೆ 60 ಲಕ್ಷಕ್ಕೂ ಹೆಚ್ಚೆಂದು ಅಂದಾಜು. ಪ್ರಾಣಿಗಳ ಪ್ರಸರಣದ ಇತಿಹಾಸವನ್ನು ಬರೆಯುವವರು ನೆಲ, ಹವೆಗಳೊಡನೆ ಮನುಷ್ಯನ ಆಸೆಯನ್ನೂ ಕಾರಣಗಳಲ್ಲಿ ಎಣಿಸಬೇಕಾಗುತ್ತದೆ.